ಮೊದಲು ಕೈಗೆ, ಆಮೇಲೆ ಹಲಗೆಗೆ: ಪ್ರಾಥಮಿಕ ತರಗತಿಗಳಲ್ಲಿ ಘನಾಕೃತಿ ಮತ್ತು ಸಮತಲಾಕೃತಿಗಳ ಪಾಠ

ಕೆಲಸಕ್ಕೆ ಸೇರಿದ ಮೊದಲ ವರ್ಷ, ಮಡಿಕೇರಿಯ ಸುತ್ತಲಿನ ಒಂದು ಸಣ್ಣ ಶಾಲೆಯಲ್ಲಿ ನಾಲ್ಕನೆಯ ತರಗತಿಗೆ ಪಾಠ ಮಾಡುತ್ತ, ಕಪ್ಪುಹಲಗೆಯ ಮೇಲೆ ಅಳತೆಪಟ್ಟಿ ಹಿಡಿದು ಬಹಳ ಅಂದವಾಗಿ ಒಂದು ಘನದ ಚಿತ್ರ ಬರೆದು, "ಇದಕ್ಕೆ ಎಷ್ಟು ಮುಖ?" ಎಂದು ಕೇಳಿದ್ದೆ. ಇಡೀ ತರಗತಿ ಒಂದೇ ದನಿಯಲ್ಲಿ "ಮೂರು" ಎಂದಿತು. ನಾನು ಆರು ಎಂದು ತಿದ್ದಿದೆ, ಮಕ್ಕಳು ಆರು ಎಂದು ಬರೆದುಕೊಂಡರು, ಪರೀಕ್ಷೆಯಲ್ಲಿಯೂ ಆರು ಎಂದೇ ಬರೆದು ಅಂಕ ಪಡೆದರು. ಕೆಲವು ದಿನಗಳ ನಂತರ ಅದೇ ತರಗತಿಯ ಒಬ್ಬ ಹುಡುಗನ ಕೈಗೆ ಸಾಬೂನಿನ ಪೊಟ್ಟಣ ಕೊಟ್ಟು ಮುಖಗಳನ್ನು ಎಣಿಸು ಎಂದಾಗ ಅವನು ಅದನ್ನು ತಿರುಗಿಸುತ್ತ ತಿರುಗಿಸುತ್ತ ಒಂಬತ್ತಕ್ಕೆ ಹೋಗಿ ನಿಂತ. ಮೂರು ಎಂದ ಮಕ್ಕಳು ತಪ್ಪು ಹೇಳಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಹಲಗೆಯ ಮೇಲೆ ಕಾಣುತ್ತಿದ್ದದ್ದು ಮೂರೇ ಮುಖ. ಉಳಿದ ಮೂರನ್ನು ಕಾಣಬೇಕಾದರೆ ಆ ವಸ್ತುವನ್ನು ಮೊದಲೇ ಕೈಯಲ್ಲಿ ಹಿಡಿದು ತಿರುಗಿಸಿದ ಅನುಭವ ಬೇಕಿತ್ತು.

ಆದ್ದರಿಂದ ಈ ಮಾರ್ಗದರ್ಶಿಯ ಕ್ರಮವು ಸಾಮಾನ್ಯವಾಗಿ ನಡೆಯುವ ಕ್ರಮಕ್ಕೆ ತಲೆಕೆಳಗಾಗಿದೆ. ವೃತ್ತ, ಚೌಕ, ತ್ರಿಭುಜಗಳನ್ನು ಮೊದಲು ಬರೆಸಿ, ಆಮೇಲೆ ಗೋಳ, ಘನ, ಶಂಕುಗಳಿಗೆ ಹೋಗುವುದು ದೊಡ್ಡವರಿಗೆ ಸರಳವೆಂದು ತೋರುತ್ತದೆ. ಆದರೆ ಮಗು ಹುಟ್ಟಿದಂದಿನಿಂದ ಹಿಡಿದು, ಉರುಳಿಸಿ, ಬಾಯಿಗಿಟ್ಟು ನೋಡಿದ್ದು ಘನಾಕೃತಿಗಳನ್ನೇ. ಸಮತಲಾಕೃತಿ ಎಂಬುದು ಘನಾಕೃತಿಯ ಒಂದು ಮುಖವನ್ನು ಮಾತ್ರ ಬೇರ್ಪಡಿಸಿ ಯೋಚಿಸಿದಾಗ ಸಿಗುವ ವಿಷಯ. ಅದನ್ನು ಯಾರೂ ಕೈಯಲ್ಲಿ ಎತ್ತಿಕೊಳ್ಳಲಾರರು. ಹೀಗಾಗಿ ಘನಾಕೃತಿ ಮೊದಲು, ಅದರ ಅಚ್ಚಾಗಿ ಸಮತಲಾಕೃತಿ ಆಮೇಲೆ, ಕಪ್ಪುಹಲಗೆಯ ಚಿತ್ರ ಕಟ್ಟಕಡೆಗೆ. 19ನೆಯ ಶತಮಾನದಲ್ಲಿ ಜರ್ಮನಿಯಲ್ಲಿ ಶಿಶುವಿಹಾರವನ್ನು ಆರಂಭಿಸಿದ ಫ್ರೆಡ್ರಿಕ್ ಫ್ರೋಬೆಲ್ ಮಕ್ಕಳ ಕೈಗೆ ಕೊಟ್ಟ ಆಟಿಕೆಗಳಲ್ಲಿಯೂ ಮರದ ಗೋಳ, ಸಿಲಿಂಡರ್ ಮತ್ತು ಘನಗಳು ಮೊದಲು ಬಂದು, ಹಲಗೆಯಂತಹ ಚಪ್ಪಟೆ ತುಂಡುಗಳು ಆಮೇಲೆ ಬರುತ್ತಿದ್ದವು.

ಪೂರ್ವಸಿದ್ಧತೆ: ಒಂದು ವಾರದ ಸಂಗ್ರಹ

ಅಂಗಡಿಯಿಂದ ಕೊಂಡುತಂದ ಪ್ಲಾಸ್ಟಿಕ್ ಮಾದರಿಗಳ ಪೆಟ್ಟಿಗೆಯೊಂದೇ ಸಾಲದು. ಅವು ತೀರ ನಯವಾಗಿ, ತೀರ ಸರಿಯಾಗಿ ಇರುವುದರಿಂದ ಮಕ್ಕಳಿಗೆ ಗಣಿತದ ಆಕೃತಿಗಳು ಆ ಪೆಟ್ಟಿಗೆಯಲ್ಲಿ ಮಾತ್ರ ಇರುತ್ತವೆ ಎಂಬ ಭಾವನೆ ಬರುತ್ತದೆ. ಪಾಠಕ್ಕೆ ಒಂದು ವಾರ ಮೊದಲೇ ತರಗತಿಯ ಮೂಲೆಯಲ್ಲಿ ಒಂದು ಬುಟ್ಟಿಯಿಟ್ಟು, ಮನೆಯಿಂದ, ತೋಟದಿಂದ, ತೋಟದ ಕೆಲಸಗಾರರ ಸಾಲುಮನೆಯಾದ ಲೈನ್‌ಮನೆಯಿಂದ ಏನು ಸಿಕ್ಕಿದರೂ ತರಲು ಹೇಳಿರಿ. ಸಾಬೂನು ಮತ್ತು ಟೂತ್‌ಪೇಸ್ಟಿನ ಪೊಟ್ಟಣ, ಬೆಂಕಿಪೊಟ್ಟಣ, ಲೂಡೊ ಆಟದ ದಾಳ, ಕಾಫಿಪುಡಿಯ ಡಬ್ಬ, ಅಕ್ಕಿ ಅಳೆಯುವ ಸೇರು, ಟಾರ್ಚಿನ ಸೆಲ್, ಬಿದಿರಿನ ತುಂಡು, ಕಿತ್ತಳೆ, ನಿಂಬೆ, ಗೋಲಿ, ಸೀಮೆಎಣ್ಣೆ ಸುರಿಯುವ ಆಲಿಕೆ, ಕಡಲೆಕಾಯಿ ಕಟ್ಟುವ ಕಾಗದದ ಪೊಟ್ಟಣ, ಇವೆಲ್ಲವೂ ಬರುತ್ತವೆ. ಮೊಟ್ಟೆ, ಕಲ್ಲು, ನದಿಯಲ್ಲಿ ಸವೆದ ಗುಂಡು, ಹೆಂಚಿನ ಚೂರು ಮುಂತಾದ ಯಾವ ಹೆಸರಿಗೂ ಒಗ್ಗದ ವಸ್ತುಗಳನ್ನು ಬೇಡ ಎನ್ನಬೇಡಿ. ಅವಿಲ್ಲದೆ ವಿಂಗಡಣೆಯಲ್ಲಿ ಜಗಳ ಹುಟ್ಟುವುದಿಲ್ಲ, ಜಗಳ ಹುಟ್ಟದೆ ಈ ಪಾಠದಲ್ಲಿ ಕಲಿಕೆಯೂ ಹುಟ್ಟುವುದಿಲ್ಲ.

ನವೆಂಬರಿನಿಂದ ಮಾರ್ಚಿಯವರೆಗೆ, ಅಂದರೆ ಕಾಫಿ ಕೊಯ್ಲಿನ ಕಾಲದಲ್ಲಿ ಈ ಪಾಠ ಬಂದರೆ ಒಂದು ಹಿಡಿ ಕಾಫಿಬೀಜವನ್ನೂ ತರಿಸಿರಿ. ಕಾಫಿಹಣ್ಣಿನೊಳಗೆ ಎರಡು ಬೀಜಗಳು ಒಂದಕ್ಕೊಂದು ಒತ್ತಿಕೊಂಡು ಬೆಳೆಯುವುದರಿಂದ ಪ್ರತಿ ಬೀಜಕ್ಕೂ ತಾಗಿದ ಕಡೆ ಚಪ್ಪಟೆ, ಹೊರಗಡೆ ಉಬ್ಬು. ಒಂದೇ ಬೀಜ ಬೆಳೆದ ಹಣ್ಣಿನಲ್ಲಿ ಒತ್ತುವವರು ಯಾರೂ ಇಲ್ಲದೆ ಅದು ದುಂಡಗಾಗಿ ಪೀಬೆರಿ ಆಗುತ್ತದೆ. ಸಮತಲ ಮುಖ ಮತ್ತು ವಕ್ರ ಮುಖ ಎಂಬ ಎರಡು ಪದಗಳನ್ನು ಕೊಡಗಿನ ಮಗುವಿಗೆ ಹೇಳಿಕೊಡಲು ಇದಕ್ಕಿಂತ ಹತ್ತಿರದ ವಸ್ತು ನನಗೆ ಸಿಕ್ಕಿಲ್ಲ. ಎರಡೂ ಬಗೆಯ ಬೀಜವನ್ನು ಸ್ಲೇಟಿನ ಮೇಲೆ ಇಟ್ಟು ಸ್ಲೇಟನ್ನು ಸ್ವಲ್ಪ ಓರೆ ಮಾಡಿದರೆ ಸಾಕು: ಪೀಬೆರಿ ಉರುಳಿಹೋಗುತ್ತದೆ, ಇನ್ನೊಂದು ಚಪ್ಪಟೆ ಮುಖದ ಮೇಲೆ ಕುಳಿತೇ ಇರುತ್ತದೆ.

ಮೊದಲ ಹಂತ: ಹೆಸರಿಲ್ಲದ ವಿಂಗಡಣೆ

ಮೊದಲ ಎರಡು ಅವಧಿಗಳಲ್ಲಿ ಶಿಕ್ಷಕರು ಗೋಳ, ಶಂಕು, ಘನ ಎಂಬ ಒಂದು ಪದವನ್ನೂ ಬಳಸಬಾರದು. ಬುಟ್ಟಿಯ ವಸ್ತುಗಳನ್ನು ನೆಲದ ಮೇಲೆ ಹರಡಿ, ನಾಲ್ಕೈದು ಮಕ್ಕಳ ಗುಂಪಿಗೆ "ಒಂದೇ ಥರ ಇರುವುದನ್ನೆಲ್ಲ ಒಂದು ಕಡೆ ಇಡಿ" ಎಂದಷ್ಟೇ ಹೇಳಬೇಕು. ಮೊದಲ ಸುತ್ತಿನಲ್ಲಿ ಮಕ್ಕಳು ಬಣ್ಣದಿಂದಲೋ, ಅಡುಗೆಮನೆಯದು ಮತ್ತು ಆಟದ್ದು ಎಂದೋ ವಿಂಗಡಿಸುತ್ತಾರೆ. ಅದು ತಪ್ಪಲ್ಲ. ಅದನ್ನು ಒಪ್ಪಿಕೊಂಡು, "ಈಗ ಬೇರೆ ಥರ ಇಡಿ" ಎಂದು ಎರಡನೆಯ, ಮೂರನೆಯ ಸುತ್ತಿಗೆ ಕರೆದೊಯ್ಯಿರಿ.

ಆಮೇಲೆ ಒಂದು ಮರದ ಹಲಗೆಯನ್ನು ಎರಡು ಪುಸ್ತಕಗಳ ಮೇಲೆ ಓರೆಯಾಗಿ ಇಟ್ಟು ಪ್ರತಿ ವಸ್ತುವನ್ನೂ ಬಿಡಿಸಿ ನೋಡಿ. ಬಿಡುವ ಮೊದಲು ಉರುಳುತ್ತದೆಯೋ, ಜಾರುತ್ತದೆಯೋ ಎಂದು ಮಕ್ಕಳು ಹೇಳಲೇಬೇಕು. ಊಹೆಯಿಲ್ಲದ ಪ್ರಯೋಗ ಬರೀ ಆಟವಾಗುತ್ತದೆ. ಸೆಲ್ಲನ್ನು ನಿಲ್ಲಿಸಿ ಬಿಟ್ಟರೆ ಜಾರುತ್ತದೆ ಅಥವಾ ಬೀಳುತ್ತದೆ, ಮಲಗಿಸಿ ಬಿಟ್ಟರೆ ಉರುಳುತ್ತದೆ ಎಂಬುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಕಾಗದದ ಶಂಕುವನ್ನು ಸಮ ನೆಲದ ಮೇಲೆ ಮಲಗಿಸಿ ತಳ್ಳಿದಾಗ ಅದು ನೇರವಾಗಿ ಹೋಗದೆ, ತನ್ನ ತುದಿಯನ್ನೇ ನಡುವಾಗಿ ಮಾಡಿಕೊಂಡು ಸುತ್ತು ಹೊಡೆಯುವುದನ್ನು ನೋಡಿದ ತರಗತಿಯನ್ನು ಸುಮ್ಮನಿರಿಸುವುದು ಕಷ್ಟ. ಆ ಗದ್ದಲಕ್ಕೆ ಹತ್ತು ನಿಮಿಷ ಕೊಡಿರಿ. ಒಂದರ ಮೇಲೊಂದು ಜೋಡಿಸುವ ಪರೀಕ್ಷೆಯನ್ನೂ ಸೇರಿಸಿದರೆ ಉರುಳುವುದು, ಜಾರುವುದು, ಜೋಡಿಸಲು ಬರುವುದು ಎಂಬ ಮೂರು ಅಂಕಣಗಳ ಪಟ್ಟಿ ಹಲಗೆಯ ಮೇಲೆ ತಾನಾಗಿ ಸಿದ್ಧವಾಗುತ್ತದೆ. ಗೋಳ ಮೊದಲನೆಯ ಅಂಕಣದಲ್ಲಿ ಮಾತ್ರ, ಘನ ಮತ್ತು ಸಾಬೂನಿನ ಪೊಟ್ಟಣದಂತಹ ಆಯತಘನ ಕೊನೆಯ ಎರಡರಲ್ಲಿ, ಸಿಲಿಂಡರ್ ಮೂರರಲ್ಲಿಯೂ ಬೀಳುತ್ತದೆ.

ಇದಾದ ಮೇಲೆ ಚೀಲದ ಆಟ. ಬಟ್ಟೆಯ ಚೀಲದೊಳಗೆ ಒಂದು ವಸ್ತುವನ್ನು ಹಾಕಿ, ಒಬ್ಬ ವಿದ್ಯಾರ್ಥಿ ಕೈಯಿಳಿಸಿ ಮುಟ್ಟಿ ವಿವರಿಸಬೇಕು, ಉಳಿದವರು ಬುಟ್ಟಿಯಿಂದ ಅದರ ಜೊತೆಗಾರನನ್ನು ಹುಡುಕಬೇಕು. ವಸ್ತುವಿನ ಹೆಸರು ಹೇಳುವಂತಿಲ್ಲ. "ಚುಚ್ಚುತ್ತದೆ", "ಎಲ್ಲ ಕಡೆಯೂ ಹಾಗೇ ಇದೆ", "ಒಂದು ಕಡೆ ಮಟ್ಟಸ" ಎಂಬ ಮಾತುಗಳು ಬರುತ್ತವೆ. ಇವನ್ನು ಹಲಗೆಯ ಅಂಚಿನಲ್ಲಿ ಬರೆದಿಡಿ; ಮುಂದಿನ ಹಂತದ ಪಾರಿಭಾಷಿಕ ಪದಗಳೆಲ್ಲ ಈ ಮಾತುಗಳ ಮೇಲೆಯೇ ನಿಲ್ಲಬೇಕು.

ಎರಡನೆಯ ಹಂತ: ಪದಗಳು, ಮತ್ತು ಪದಗಳು ಮಾಡುವ ತೊಡಕು

ಈ ಹಂತದಲ್ಲಿ ಹೆಚ್ಚು ಎಚ್ಚರ ಬೇಕು, ಏಕೆಂದರೆ ಮಕ್ಕಳ ಅನೇಕ ತಪ್ಪುಗಳು ಗಣಿತದಿಂದಲ್ಲ, ಭಾಷೆಯಿಂದ ಹುಟ್ಟುತ್ತವೆ. ನಮ್ಮ ಮಾತಿನಲ್ಲಿ ತಟ್ಟೆಯೂ ದುಂಡಗೆ, ಚೆಂಡೂ ದುಂಡಗೆ. ಹೀಗಿರುವಾಗ ಚೆಂಡನ್ನು ತೋರಿಸಿ ಯಾವ ಆಕೃತಿ ಎಂದು ಕೇಳಿದರೆ "ವೃತ್ತ" ಎನ್ನುವ ಮಗು ತನ್ನ ನುಡಿಗೆ ನಿಷ್ಠವಾಗಿಯೇ ಇದೆ. ಹಾಗೆಯೇ ದಾಳಕ್ಕೆ "ಚೌಕ" ಎನ್ನುವುದು ಸಾಮಾನ್ಯ. ಘನ ಎಂಬ ಪದವಂತೂ ಏಕಕಾಲಕ್ಕೆ ಮೂರು ಹೊರೆ ಹೊತ್ತಿದೆ: ಆರು ಚೌಕ ಮುಖಗಳ ಒಂದು ನಿರ್ದಿಷ್ಟ ಆಕೃತಿ, ಮೂರು ಆಯಾಮಗಳಿರುವ ಎಲ್ಲ ಆಕೃತಿಗಳ ಒಟ್ಟು ಹೆಸರು, ಮತ್ತು ಪರಿಸರ ಅಧ್ಯಯನದಲ್ಲಿ ಬರುವ ಘನ, ದ್ರವ, ಅನಿಲಗಳಲ್ಲಿ ಮೊದಲನೆಯದು. ನೀರು ತುಂಬಿದ ಬಲೂನು ಘನಾಕೃತಿಯೇ ಎಂದು ಐದನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಾಗ ಉತ್ತರಿಸಲು ನಾನು ತುಸು ತಡವರಿಸಿದ್ದೆ. ಒಟ್ಟು ಹೆಸರಾಗಿ ಯಾವಾಗಲೂ "ಘನಾಕೃತಿ" ಎಂದೂ, ದಾಳದ ಆಕಾರಕ್ಕೆ ಮಾತ್ರ "ಘನ" ಎಂದೂ ಶಿಕ್ಷಕರು ತಮ್ಮ ಬಾಯಿಯನ್ನು ಪಳಗಿಸಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಕೊಡಗಿನ ತರಗತಿಯಲ್ಲಿ ಇನ್ನೊಂದು ಪದರವಿದೆ. ಹದಿನೈದು ಮಕ್ಕಳಿರುವ ಶಾಲೆಯಲ್ಲಿಯೇ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವರ ನುಡಿ, ತೋಟದ ಕೆಲಸಕ್ಕೆ ದೂರದಿಂದ ಬಂದವರ ಮಕ್ಕಳ ಭಾಷೆ, ಎಲ್ಲವೂ ಕೂಡಿರಬಹುದು. ಪ್ರತಿ ಆಕೃತಿಯನ್ನು ಎತ್ತಿ ಹಿಡಿದು "ಇದರ ಹಾಗೆ ಇರುವುದಕ್ಕೆ ನಿಮ್ಮ ಮನೆಯಲ್ಲಿ ಏನನ್ನುತ್ತೀರಿ?" ಎಂದು ಎಲ್ಲರನ್ನೂ ಕೇಳಿ, ಹೇಳಿದ್ದನ್ನು ಕನ್ನಡ ಲಿಪಿಯಲ್ಲಿ ಬರೆದು ಗೋಡೆಗೆ ಅಂಟಿಸಿ, ಅದರ ಕೆಳಗೆ ಪಠ್ಯದ ಪದವನ್ನು ಬರೆಯಿರಿ. ಸಾಮಾನ್ಯವಾಗಿ ಬಾಯಿ ಬಿಡದ ಮಗು ಮಾತಾಡುವುದು ಈ ಒಂದು ಅವಧಿಯಲ್ಲಿ.

ಉದಾಹರಣೆಗಳೂ ಮನೆಯಿಂದಲೇ ಬರಲಿ. ಗೋಳಕ್ಕೆ ಕಡಂಬುಟ್ಟು ಎಂಬ ಅಕ್ಕಿಯ ಉಂಡೆ ಮತ್ತು ಕರಿಮೆಣಸು, ಸಿಲಿಂಡರಿಗೆ ಬಿದಿರು ಮತ್ತು ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರದ ಕಾಂಡ. ಕಿತ್ತಳೆ ಗೋಳವೇ ಎಂದು ಕೇಳಿದರೆ, ತೊಟ್ಟಿನ ಕಡೆ ಚಪ್ಪಟೆ ಇದೆಯಲ್ಲ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. "ಗೋಳದ ಹಾಗೆ ಇದೆ" ಮತ್ತು "ಗೋಳ" ಎಂಬ ಎರಡು ಮಾತುಗಳ ಅಂತರವನ್ನು ಅಲ್ಲಿಯೇ ತಿಳಿಸಬಹುದು.

ಈಗ ಮುಖ, ಅಂಚು, ಶೃಂಗ. ಮುಖವನ್ನು ಅಂಗೈಯಿಂದ ಸವರಿಸಿ, ಅಂಚನ್ನು ಬೆರಳಿನಿಂದ ಎಳೆಸಿ, ಶೃಂಗವನ್ನು ಬೆರಳ ತುದಿಯಿಂದ ಒತ್ತಿಸಿ ಹೆಸರು ಹೇಳಿಕೊಡಿ. ಸೀರೆಗೆ ಅಂಚಿರುವುದನ್ನು ಮಕ್ಕಳು ಬಲ್ಲರು. ಶೃಂಗ ಎಂದರೆ ಬೆಟ್ಟದ ತುದಿ ಎಂದೂ ಅರ್ಥವಿದೆ ಎಂದು ಹೇಳಿ ಕಕ್ಕಬ್ಬೆಯ ಕಡೆಯ ಮಕ್ಕಳಿಗೆ ತಡಿಯಂಡಮೋಳ್ ಶಿಖರವನ್ನು ನೆನಪಿಸಿದರೆ ಆ ಪದ ಮತ್ತೆ ಮರೆಯುವುದಿಲ್ಲ.

ಎಣಿಕೆಯ ಹೊತ್ತಿಗೆ ನನ್ನ ಒಂಬತ್ತು ಮುಖದ ಹುಡುಗನ ಸಮಸ್ಯೆ ಎಲ್ಲ ತರಗತಿಯಲ್ಲಿಯೂ ಬರುತ್ತದೆ. ಮಗುವಿಗೆ ಎಣಿಸಲು ಬರುತ್ತದೆ, ಆದರೆ ಎಲ್ಲಿಂದ ಶುರು ಮಾಡಿತೆಂಬುದು ಪೊಟ್ಟಣ ತಿರುಗಿದಂತೆ ಕಳೆದುಹೋಗುತ್ತದೆ. ಮುಖಗಳಿಗೆ ಸಣ್ಣ ಕಾಗದದ ಚೀಟಿ ಅಂಟಿಸಿ 1, 2, 3 ಎಂದು ಬರೆಸುವುದು ಸುಲಭದ ಪರಿಹಾರ. ಶೃಂಗಗಳಿಗೆ ಹಣೆಯ ಸ್ಟಿಕ್ಕರ್ ಬಿಂದಿ ಅಂಟಿಸಿದರೆ ಒಂದು ಹಾಳೆಯ ಬಿಂದಿ ಇಡೀ ತರಗತಿಗೆ ಸಾಕು. ಅಂಚುಗಳ ಎಣಿಕೆ ಮಾತ್ರ ನಿಧಾನವಾಗಿ ನಡೆಯಬೇಕು. ಪೊಟ್ಟಣವನ್ನು ಮೇಜಿನ ಮೇಲೆ ಅಲುಗಾಡದಂತೆ ಇಟ್ಟು, ಮೊದಲು ಮೇಲಿನ ಮುಖದ ಸುತ್ತ ಕೆಂಪು ಬಣ್ಣದ ಪೆನ್ಸಿಲಿನಿಂದ ನಾಲ್ಕು, ಆಮೇಲೆ ಕೆಳಗಿನ ಮುಖದ ಸುತ್ತ ನೀಲಿಯಿಂದ ನಾಲ್ಕು, ಕೊನೆಗೆ ಎರಡನ್ನೂ ಸೇರಿಸಿ ನಿಂತಿರುವ ಅಂಚುಗಳನ್ನು ಹಸಿರಿನಿಂದ ನಾಲ್ಕು ಎಳೆಸಿರಿ. ಹನ್ನೆರಡು ಎಂಬುದು ಹೀಗೆ ನಾಲ್ಕು, ನಾಲ್ಕು, ನಾಲ್ಕಾಗಿ ಕಂಡಾಗ ಅದು ಬಾಯಿಪಾಠದ ಸಂಖ್ಯೆಯಾಗಿ ಉಳಿಯುವುದಿಲ್ಲ.

ಸಿಲಿಂಡರ್ ಮತ್ತು ಶಂಕುವಿನ ಅಂಚುಗಳ ಬಗ್ಗೆ ಒಂದು ಕಿವಿಮಾತು. ಸಿಲಿಂಡರಿಗೆ ಎಷ್ಟು ಅಂಚು, ಶಂಕುವಿನ ತುದಿಯನ್ನು ಶೃಂಗ ಎನ್ನಬಹುದೇ ಎಂಬ ಪ್ರಶ್ನೆಗಳಿಗೆ ಉತ್ತರವು ಅಂಚನ್ನು ನಾವು ಹೇಗೆ ನಿರೂಪಿಸಿಕೊಂಡಿದ್ದೇವೆ ಎಂಬುದರ ಮೇಲೆ ನಿಲ್ಲುತ್ತದೆ. ಅಂಚು ಎಂದರೆ ನೇರ ಗೆರೆಯೇ ಆಗಿರಬೇಕು ಎಂದರೆ ಸಿಲಿಂಡರಿಗೆ ಅಂಚಿಲ್ಲ. ಎರಡು ಮುಖಗಳು ಕೂಡುವ ಗೆರೆ ಎಂದರೆ ಎರಡು ವಕ್ರ ಅಂಚುಗಳಿವೆ. ನಿಮ್ಮ ತರಗತಿಯ ಪಠ್ಯಪುಸ್ತಕ ಹಿಡಿದಿರುವ ಅರ್ಥವನ್ನೇ ಹಿಡಿಯಿರಿ, ಆದರೆ ಬೇರೆ ಉತ್ತರ ಕೊಟ್ಟ ಮಗು ಕಾರಣ ಹೇಳಬಲ್ಲದಾದರೆ ಅದಕ್ಕೆ ತಪ್ಪು ಗುರುತು ಹಾಕಬೇಡಿ.

ಮೂರನೆಯ ಹಂತ: ಮುಖದ ಅಚ್ಚು

ಒಂದು ತಟ್ಟೆಯಲ್ಲಿ ಒದ್ದೆ ಮರಳು ಅಥವಾ ಗದ್ದೆಯ ಜೇಡಿಮಣ್ಣನ್ನು ಮಟ್ಟಸವಾಗಿ ಹರಡಿ ಪ್ರತಿ ಘನಾಕೃತಿಯ ಮುಖವನ್ನು ಒತ್ತಿ ತೆಗೆಯಿರಿ. ಸೆಲ್ಲಿನ ತಳ ವೃತ್ತವನ್ನು ಬಿಡುತ್ತದೆ, ದಾಳ ಚೌಕವನ್ನು, ಬೆಂಕಿಪೊಟ್ಟಣ ಮೂರು ಬೇರೆ ಬೇರೆ ಗಾತ್ರದ ಆಯತಗಳನ್ನು. ಗೋಲಿ ಒತ್ತಿದರೆ ಗುಳಿ ಬೀಳುತ್ತದೆಯೇ ಹೊರತು ಮುಖದ ಅಚ್ಚು ಬರುವುದಿಲ್ಲ. ಏಕೆ ಎಂದು ಕೇಳಿರಿ. ನಂತರ ಅದೇ ಕೆಲಸವನ್ನು ಕಾಗದದ ಮೇಲೆ ಪೆನ್ಸಿಲಿನಿಂದ ಸುತ್ತ ಗೆರೆ ಎಳೆದು ಮಾಡಿಸಿರಿ. ವೃತ್ತ, ಚೌಕ, ಆಯತ ಎಂಬ ಹೆಸರುಗಳು ಬರಬೇಕಾದುದು ಇಲ್ಲಿ, ಘನಾಕೃತಿ ಬಿಟ್ಟುಹೋದ ಹೆಜ್ಜೆಗುರುತುಗಳ ಹೆಸರುಗಳಾಗಿ.

ಬುಟ್ಟಿಯಲ್ಲಿ ತ್ರಿಭುಜ ಬಿಡುವ ವಸ್ತು ಇಲ್ಲವೆಂಬುದನ್ನು ಮಕ್ಕಳೇ ಗಮನಿಸಲಿ. ಆಗ ಜೇಡಿಮಣ್ಣಿನಿಂದ ಸಾಬೂನಿನ ಗಾತ್ರದ ಆಯತಘನವೊಂದನ್ನು ತಟ್ಟಿ ಮಾಡಿ, ಹೊಲಿಗೆಯ ದಾರವನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಮೇಲಿನ ಒಂದು ಅಂಚಿನಿಂದ ಕೆಳಗಿನ ಎದುರು ಅಂಚಿಗೆ ಓರೆಯಾಗಿ ಕೊಯ್ಯಿರಿ. ಎರಡು ತ್ರಿಭುಜ ಪಟ್ಟಕಗಳು ಸಿಗುತ್ತವೆ. ಒಂದನ್ನು ಉದ್ದ ಮುಖದ ಮೇಲೆ ಕೂರಿಸಿದರೆ ಮಕ್ಕಳು "ಮನೆ ಮಾಡು", ಅಂದರೆ ಮನೆಯ ಛಾವಣಿ, ಎನ್ನುತ್ತಾರೆ. ಮಳೆ ಹೆಚ್ಚಿರುವ ನಮ್ಮ ಜಿಲ್ಲೆಯಲ್ಲಿ ನೀರು ನಿಲ್ಲದಿರಲೆಂದು ಎರಡು ಕಡೆ ಇಳಿಜಾರಾದ ಹೆಂಚಿನ ಮಾಡನ್ನು ಪ್ರತಿದಿನ ನೋಡುವವರಿಗೆ ತ್ರಿಭುಜ ಪಟ್ಟಕ ಹೊಸದೇನಲ್ಲ, ಹೆಸರು ಮಾತ್ರ ಹೊಸದು. ಮಣ್ಣು ಸಿಗದಿದ್ದರೆ ಬಿಸಿಯೂಟದ ಕೋಣೆಯಿಂದ ಒಂದು ಆಲೂಗಡ್ಡೆಯನ್ನು ಕೇಳಿ ಪಡೆಯಬಹುದು. ಚಾಕು ಮಾತ್ರ ಶಿಕ್ಷಕರ ಕೈಯಲ್ಲಿಯೇ ಇರಲಿ.

ಇಲ್ಲಿ ಒಂದು ಸೂಕ್ಷ್ಮವನ್ನು ತಪ್ಪಿಸಿಕೊಂಡು ಹೋಗಬಾರದು. ರಟ್ಟಿನಿಂದ ಕತ್ತರಿಸಿದ ದುಂಡನೆಯ ತುಂಡನ್ನು ನಾವು "ಇದು ವೃತ್ತ" ಎಂದು ಎತ್ತಿ ತೋರಿಸುತ್ತೇವೆ. ನಿಜವಾಗಿ ಅದು ಬಹಳ ಗಿಡ್ಡನೆಯ ಸಿಲಿಂಡರ್. ಒಂದು ರೂಪಾಯಿಯ ನಾಣ್ಯವನ್ನು ಕೊಟ್ಟು ಇದು ವೃತ್ತವೋ ಸಿಲಿಂಡರೋ ಎಂದು ಕೇಳಿ, ಆಮೇಲೆ ಹತ್ತು ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿ ಮತ್ತೆ ಕೇಳಿರಿ. ತಟ್ಟೆಯಲ್ಲಿ ಬೇಯಿಸಿದ ಪಾಪುಟ್ಟು ಎಂಬ ಅಕ್ಕಿಯ ತಿಂಡಿ ಯಾವ ಆಕೃತಿ ಎಂಬ ಪ್ರಶ್ನೆಗೆ ನಮ್ಮ ತರಗತಿಯಲ್ಲಿ ಒಮ್ಮೆ ಪೂರ್ತಿ ಅರ್ಧ ಗಂಟೆ ಚರ್ಚೆ ನಡೆದು, ಕೊನೆಗೆ "ಮೇಲಿನದ್ದು ವೃತ್ತ, ತಿನ್ನುವುದು ಸಿಲಿಂಡರ್" ಎಂದು ಹಿಂದಿನ ಬೆಂಚಿನಿಂದ ತೀರ್ಪು ಬಂತು. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ನಾಲ್ಕನೆಯ ಹಂತ: ನೋಟದಿಂದ ಗುಣಕ್ಕೆ

ಡಚ್ ಶಿಕ್ಷಕ ದಂಪತಿಗಳಾದ ಪಿಯರೆ ವಾನ್ ಹೀಲೆ ಮತ್ತು ಡೀನಾ ವಾನ್ ಹೀಲೆ 1957ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧಗಳಲ್ಲಿ, ಮಕ್ಕಳ ರೇಖಾಗಣಿತದ ತಿಳಿವಳಿಕೆ ಹಂತ ಹಂತವಾಗಿ ಏರುತ್ತದೆ ಎಂದು ತೋರಿಸಿದರು. ಮೊದಲ ಹಂತದಲ್ಲಿ ಮಗು ಆಕೃತಿಯನ್ನು ಒಟ್ಟು ನೋಟದಿಂದ ಗುರುತಿಸುತ್ತದೆ: ಬಾಗಿಲಿನ ಹಾಗಿದೆ, ಆದ್ದರಿಂದ ಆಯತ. ಎರಡನೆಯದರಲ್ಲಿ ಗುಣಗಳಿಂದ ಗುರುತಿಸುತ್ತದೆ: ನಾಲ್ಕು ಬಾಹು, ನಾಲ್ಕೂ ಮೂಲೆ ಲಂಬಕೋನ, ಆದ್ದರಿಂದ ಆಯತ. ಮೇಲೇರುವುದು ವಯಸ್ಸಿನಿಂದಲ್ಲ, ಸಿಗುವ ಅನುಭವದಿಂದ ಎಂಬುದು ಅವರ ಮಾತಿನ ತಿರುಳು. ಪ್ರಾಥಮಿಕ ಶಾಲೆಯ ಶಿಕ್ಷಕರ ಕೆಲಸವೆಲ್ಲ ಮೊದಲ ಹಂತದಿಂದ ಎರಡನೆಯದಕ್ಕೆ ದಾಟಿಸುವುದರಲ್ಲಿಯೇ ಇದೆ.

ದಾಟಿಸುವ ಉಪಾಯ ವಿಲಕ್ಷಣ ಉದಾಹರಣೆಗಳು. ಪುಸ್ತಕಗಳಲ್ಲಿ ತ್ರಿಭುಜ ಹೆಚ್ಚಾಗಿ ಪಾದದ ಮೇಲೆ ನೆಟ್ಟಗೆ ಕುಳಿತು ಮೂರು ಬಾಹುಗಳೂ ಸರಿಸಮವಾಗಿ ಕಾಣುವುದರಿಂದ, ಅದನ್ನು ತಲೆಕೆಳಗೆ ಮಾಡಿದರೆ ಅನೇಕ ಮಕ್ಕಳು ಅದು ತ್ರಿಭುಜವಲ್ಲ ಎನ್ನುತ್ತಾರೆ. ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿದರೆ ಇಸ್ಪೀಟಿನ ಡೈಮಂಡ್ ಆಗಿಬಿಡುತ್ತದೆ. ಆದ್ದರಿಂದ ಉದ್ದನೆಯ, ಸಣಕಲು, ಓರೆಯಾದ ತ್ರಿಭುಜಗಳನ್ನೂ, ಜೊತೆಗೆ ಒಂದು ಬಾಹು ಬಾಗಿದ, ಒಂದು ಮೂಲೆ ಕೂಡದ, ತುದಿ ಉರುಟಾದ ಹುಸಿ ತ್ರಿಭುಜಗಳನ್ನೂ ಚೀಟಿಗಳ ಮೇಲೆ ಬರೆದು ಬೆರೆಸಿ, ಹೌದು ಮತ್ತು ಅಲ್ಲ ಎಂದು ಎರಡು ರಾಶಿ ಮಾಡಿಸಿರಿ. ಪ್ರತಿ ಚೀಟಿಗೂ ಕಾರಣ ಹೇಳಬೇಕು. "ಹಾಗೆ ಕಾಣುವುದಿಲ್ಲ" ಎಂಬ ಕಾರಣವನ್ನು ಸ್ವೀಕರಿಸಬೇಡಿ.

ಚೌಕವು ಆಯತವೂ ಹೌದು ಎಂಬುದನ್ನು ಹೇಳಿಕೊಡುವುದು ಕಷ್ಟವೆಂದು ಹಲವು ಶಿಕ್ಷಕರು ಬಿಟ್ಟುಬಿಡುತ್ತಾರೆ. ನಾಲ್ಕು ಮಕ್ಕಳಿಗೆ ಅಂಗಳದಲ್ಲಿ ಉದ್ದನೆಯ ಹಗ್ಗದ ಕುಣಿಕೆ ಹಿಡಿಸಿ ಆಯತ ಮಾಡಿಸಿ, ಮೂಲೆಗಳನ್ನು ಲಂಬವಾಗಿಯೇ ಉಳಿಸಿಕೊಂಡು ಉದ್ದವನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸುತ್ತ ಬನ್ನಿ. ಹಗ್ಗ ಅಷ್ಟೇ ಇರುವುದರಿಂದ ಅಗಲ ಹೆಚ್ಚುತ್ತದೆ. ಪ್ರತಿ ಬಾರಿಯೂ "ಈಗಲೂ ಆಯತವೇ?" ಎಂದು ಕೇಳುತ್ತಿದ್ದರೆ, ನಾಲ್ಕೂ ಬಾಹುಗಳು ಸಮವಾದ ಕ್ಷಣದಲ್ಲಿ ಮಕ್ಕಳು ಒಮ್ಮೆ ನಿಂತು ಯೋಚಿಸುತ್ತಾರೆ, ಅದನ್ನು ದಾಟಿ ಮುಂದೆ ಹೋದಾಗ ಮತ್ತೆ ಆಯತ ಎನ್ನುತ್ತಾರೆ. ನಡುವೆ ಒಂದು ಕ್ಷಣ ಮಾತ್ರ ಆಯತವಾಗಿರುವುದನ್ನು ಬಿಟ್ಟಿತೇ ಎಂದು ಕೇಳಿದರೆ ಉತ್ತರ ಅವರಿಂದಲೇ ಬರುತ್ತದೆ.

ಐದನೆಯ ಹಂತ: ಬಿಚ್ಚುವುದು, ಕಟ್ಟುವುದು

ನಾಲ್ಕು ಮತ್ತು ಐದನೆಯ ತರಗತಿಗಳಲ್ಲಿ ಪೊಟ್ಟಣವನ್ನು ಬಿಚ್ಚಿ ಅದರ ಜಾಲಾಕೃತಿಯನ್ನು, ಅಂದರೆ ಚಪ್ಪಟೆಯಾಗಿ ಹರಡಿದ ರೂಪವನ್ನು, ನೋಡುವ ಕೆಲಸ ಬರುತ್ತದೆ. ಟೂತ್‌ಪೇಸ್ಟಿನ ಪೊಟ್ಟಣವನ್ನು ಹಾಗೆಯೇ ಬಿಚ್ಚಿಸಿದರೆ ಅಂಟು ಹಚ್ಚುವ ಕಿವಿಗಳೂ ಒಳಮಡಿಕೆಗಳೂ ಸೇರಿ ಹತ್ತು ತುಂಡು ಕಾಣುತ್ತವೆ, ಮಕ್ಕಳು ಕಂಗಾಲಾಗುತ್ತಾರೆ. ಮೊದಲೇ ಆರು ಮುಖಗಳಿಗೆ ಅಂಕಿ ಬರೆದು, ಬಿಚ್ಚಿದ ಮೇಲೆ ಅಂಕಿಯಿಲ್ಲದ ಭಾಗಗಳನ್ನೆಲ್ಲ ಕತ್ತರಿಸಿ ತೆಗೆಯಿರಿ. ಉಳಿದ ಆರು ಆಯತಗಳಲ್ಲಿ ಯಾವುದು ಯಾವುದರ ಎದುರು ಮುಖವಾಗಿತ್ತು ಎಂದು ಊಹಿಸಿ, ಮತ್ತೆ ಮಡಿಸಿ ನೋಡಲಿ.

ಘನದ ಜಾಲಾಕೃತಿಗೆ ಚೌಕಳಿ ಹಾಳೆ ಸಾಕು. ಆರು ಚೌಕಗಳನ್ನು ಅಂಚಿಗೆ ಅಂಚು ತಾಗುವಂತೆ ಜೋಡಿಸಿ ಬರೆದು, ಕತ್ತರಿಸಿ, ಮಡಿಸಿದರೆ ಘನವಾಗುವುದೇ ಎಂದು ಪರೀಕ್ಷಿಸಬೇಕು. ತಿರುಗಿಸಿದ್ದನ್ನೂ ಮಗುಚಿದ್ದನ್ನೂ ಒಂದೇ ಎಂದು ಎಣಿಸಿದರೆ ಹೀಗೆ ಆರು ಚೌಕಗಳನ್ನು ಜೋಡಿಸುವ ಬಗೆ ಒಟ್ಟು 35. ಅವುಗಳಲ್ಲಿ ಘನವಾಗಿ ಮಡಿಯುವುದು 11 ಮಾತ್ರ. ಈ ಸಂಖ್ಯೆಯನ್ನು ಮೊದಲೇ ಹೇಳಬೇಡಿ. ಗೋಡೆಯ ಮೇಲೆ ಖಾಲಿ ಜಾಗ ಬಿಟ್ಟು, ಹೊಸದನ್ನು ಕಂಡುಹಿಡಿದವರು ಅಂಟಿಸಲಿ. ಏಳೆಂಟು ಬೇಗ ಬರುತ್ತವೆ, ಉಳಿದವಕ್ಕೆ ವಾರಗಳೇ ಹಿಡಿಯಬಹುದು.

ನನಗೆ ಬಹಳ ಇಷ್ಟವಾದ ಚಟುವಟಿಕೆ ಕಡಲೆಕಾಳಿನದು. ಹಿಂದಿನ ರಾತ್ರಿ ನೆನೆಹಾಕಿದ ಕಡಲೆಕಾಳುಗಳನ್ನು ಶೃಂಗಗಳಾಗಿ, ಹಲ್ಲುಕಡ್ಡಿಗಳನ್ನು ಅಂಚುಗಳಾಗಿ ಬಳಸಿ ಘನಾಕೃತಿಗಳ ಎಲುಬುಗೂಡು ಕಟ್ಟಬೇಕು. ಕಾಳು ಹೆಚ್ಚು ನೆನೆದರೆ ಕಡ್ಡಿ ಚುಚ್ಚಿದಾಗ ಎರಡು ಹೋಳಾಗುತ್ತದೆ, ಕಡಿಮೆ ನೆನೆದರೆ ಕಡ್ಡಿ ಮುರಿಯುತ್ತದೆ. ಸರಿಯಾಗಿ ನೆನೆದದ್ದು ಕಡ್ಡಿಯನ್ನು ಹಿಡಿದುಕೊಂಡು, ಒಣಗಿದಂತೆ ಇನ್ನಷ್ಟು ಬಿಗಿಯುತ್ತದೆ. ಘನಕ್ಕೆ 8 ಕಾಳು, 12 ಕಡ್ಡಿ. ಕಟ್ಟಿದ ಘನ ಒಂದು ಕಡೆಗೆ ವಾಲುತ್ತದೆ, ಆದರೆ 4 ಕಾಳು, 6 ಕಡ್ಡಿಯ ತ್ರಿಭುಜ ಪಾದದ ಪಿರಮಿಡ್ ಅಲುಗಾಡದೆ ನಿಲ್ಲುತ್ತದೆ. ವಾಲುವ ಘನದ ಒಂದೊಂದು ಮುಖಕ್ಕೂ ಓರೆಯಾಗಿ ಒಂದು ಉದ್ದ ಕಡ್ಡಿ ಸೇರಿಸಿ ಚೌಕವನ್ನು ಎರಡು ತ್ರಿಭುಜ ಮಾಡಿದರೆ ಅದೂ ಬಿಗಿಯಾಗುತ್ತದೆ. ಹೆಂಚಿನ ಮಾಡಿನ ಕೆಳಗೆ ಮರದ ಚೌಕಟ್ಟು ತ್ರಿಭುಜವಾಗಿಯೇ ಏಕಿರುತ್ತದೆ ಎಂದು ಅಂದು ಸಂಜೆ ಮನೆಯಲ್ಲಿ ತಲೆಯೆತ್ತಿ ನೋಡಿ ಬರಲು ಹೇಳಿರಿ.

ಕಟ್ಟಿದವುಗಳ ಲೆಕ್ಕವನ್ನು ಐದನೆಯ ತರಗತಿಯವರು ಪಟ್ಟಿ ಮಾಡಲಿ. ಆಯತಘನಕ್ಕೆ ಮುಖ 6, ಶೃಂಗ 8, ಅಂಚು 12. ತ್ರಿಭುಜ ಪಟ್ಟಕಕ್ಕೆ 5, 6, 9. ಚೌಕ ಪಾದದ ಪಿರಮಿಡ್ಡಿಗೆ 5, 5, 8. ಇನ್ನೂ ಚೂಪು ಮಾಡದ ಆರು ಮೂಲೆಯ ಪೆನ್ಸಿಲಿಗೆ 8, 12, 18. ಮುಖ ಮತ್ತು ಶೃಂಗಗಳನ್ನು ಕೂಡಿ ಅಂಚುಗಳನ್ನು ಕಳೆದರೆ ಪ್ರತಿ ಸಾಲಿನಲ್ಲಿಯೂ 2 ಉಳಿಯುತ್ತದೆ. ಸ್ವಿಟ್ಜರ್ಲೆಂಡಿನ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1750ರಲ್ಲಿ ತನ್ನ ಗೆಳೆಯ ಗೋಲ್ಡ್‌ಬಾಕ್‌ಗೆ ಬರೆದ ಪತ್ರದಲ್ಲಿ ತಿಳಿಸಿದ ಸಂಬಂಧ ಇದೇ. ಸೂತ್ರವಾಗಿ ಬರೆಸುವುದು ಬೇಡ. ಎಣಿಕೆ ತಪ್ಪಿದೆಯೇ ಎಂದು ಮಕ್ಕಳು ತಾವೇ ಪರೀಕ್ಷಿಸಿಕೊಳ್ಳುವ ಉಪಾಯವಾಗಿ ಅದು ಇರಲಿ.

ಆರನೆಯ ಹಂತ: ನೆರಳು, ನೋಟ, ಚಿತ್ರ

ಜುಲೈಯಲ್ಲಿ ಕರೆಂಟು ಹೋಗಿ, ಹೊರಗೆ ಮಳೆ ಸುರಿದು, ತರಗತಿ ಕತ್ತಲಾಗುವುದು ಈ ಒಂದು ಪಾಠಕ್ಕೆ ಮಾತ್ರ ಅನುಕೂಲ. ಟಾರ್ಚನ್ನು ದೂರದಿಂದ ಹಿಡಿದು ಗೋಡೆಯ ಮೇಲೆ ಸಿಲಿಂಡರಿನ ನೆರಳು ಬೀಳಿಸಿದರೆ ಒಂದು ಕಡೆಯಿಂದ ವೃತ್ತ, ಇನ್ನೊಂದು ಕಡೆಯಿಂದ ಆಯತ; ಶಂಕುವಿನದು ವೃತ್ತ ಅಥವಾ ತ್ರಿಭುಜ; ಗೋಳವನ್ನು ಹೇಗೆ ತಿರುಗಿಸಿದರೂ ವೃತ್ತವೇ. ವಸ್ತುವನ್ನು ಮುಚ್ಚಿಟ್ಟು ಎರಡು ನೆರಳುಗಳನ್ನು ಮಾತ್ರ ತೋರಿಸಿ ಯಾವ ಘನಾಕೃತಿ ಎಂದು ಕೇಳುವುದು ಮುಂದಿನ ಮೆಟ್ಟಿಲು.

ಇದಾದ ಮೇಲೆ ಹೊರಸಂಚಾರ. ಮಡಿಕೇರಿಯ ಆಸುಪಾಸಿನ ಶಾಲೆಯವರಿಗೆ 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಾಲಯ ಒಳ್ಳೆಯ ಆಯ್ಕೆ: ನಡುವೆ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ನಾಲ್ಕು ಗೋಪುರ, ಎದುರಿಗೆ ಕೊಳ. ಮೇಲಿನಿಂದ ಹಕ್ಕಿ ನೋಡಿದರೆ ಇದು ಹೇಗೆ ಕಾಣುತ್ತದೆ ಎಂದು ಬರೆಸಿ, ಮುಂದಿನಿಂದ ಕಾಣುವುದನ್ನು ಪಕ್ಕದಲ್ಲಿ ಬರೆಸಿರಿ. ದೂರದ ಶಾಲೆಯವರಿಗೆ ಊರಿನ ಐನ್‌ಮನೆಯೊಂದರ (ಕುಟುಂಬದ ಪೂರ್ವಿಕರ ಮೂಲಮನೆ) ಹಿರಿಯರ ಅನುಮತಿ ಪಡೆದು, ನಡುವೆ ಆಕಾಶಕ್ಕೆ ತೆರೆದ ಒಳಾಂಗಣವನ್ನೂ ಅದರ ಸುತ್ತಲಿನ ಕಂಬಗಳನ್ನೂ ನೋಡಿಸಬಹುದು. ಅದೂ ಆಗದಿದ್ದರೆ ಕಾಫಿ ಒಣಗಿಸುವ ಕಣ ಇದ್ದೇ ಇದೆ.

ಕಪ್ಪುಹಲಗೆಯ ಮೇಲೆ ಘನದ ಚಿತ್ರ ಬರೆಯಬೇಕಾದುದು ಈಗ. ಆಗ ದಾಳವೊಂದು ಪ್ರತಿ ಮಗುವಿನ ಕೈಯಲ್ಲಿರಲಿ. ಚಿತ್ರದಲ್ಲಿ ಚೌಕ ಮುಖಗಳು ಓರೆಯಾಗಿ ಏಕೆ ಕಾಣುತ್ತವೆ, ಕಾಣದ ಅಂಚುಗಳಿಗೆ ಚುಕ್ಕಿಗೆರೆ ಏಕೆ ಎಂಬುದನ್ನು ದಾಳವನ್ನು ಅದೇ ಓರೆಯಲ್ಲಿ ಹಿಡಿದು ತಾಳೆ ನೋಡಲಿ. ಎಷ್ಟು ಮುಖ ಎಂದು ಈಗ ಕೇಳಿದರೆ, "ಕಾಣುವುದೋ ಇರುವುದೋ ಟೀಚರ್?" ಎಂಬ ಮರುಪ್ರಶ್ನೆ ಬರುತ್ತದೆ.

ಮೌಲ್ಯಮಾಪನ ಮತ್ತು ಸಾಮಗ್ರಿಗಳ ರಕ್ಷಣೆ

ಹೆಸರು ಬರೆಯಿರಿ, ಬಿಟ್ಟ ಸ್ಥಳ ತುಂಬಿರಿ ಎಂಬ ಪ್ರಶ್ನೆಗಳಿಂದ ಈ ಪಾಠದ ಕಲಿಕೆ ತಿಳಿಯುವುದಿಲ್ಲ. "ನನಗೆ ಎರಡು ಸಮತಲ ಮುಖ, ಒಂದು ವಕ್ರ ಮುಖ, ನಾನು ಯಾರು?" ಎಂಬಂತಹ ಒಗಟುಗಳನ್ನು ಮಕ್ಕಳೇ ಕಟ್ಟಲಿ. ಒಂದು ಜಾಲಾಕೃತಿಯನ್ನು ತೋರಿಸಿ ಮಡಿಸದೆಯೇ ಎದುರು ಮುಖಗಳನ್ನು ಗುರುತಿಸಲು ಹೇಳಿರಿ. ಮೊಟ್ಟೆ ಗೋಳವಲ್ಲ ಎಂದು ಎರಡು ವಾಕ್ಯಗಳಲ್ಲಿ ವಾದಿಸಲು ಹೇಳಿರಿ. ಬಹುವರ್ಗ ಬೋಧನೆಯಿರುವ ಕಡೆ ಒಂದು ಮತ್ತು ಎರಡನೆಯ ತರಗತಿಯವರು ವಿಂಗಡಣೆ ಮಾಡುತ್ತಿರುವಾಗಲೇ ಐದನೆಯವರು ಅದೇ ಬುಟ್ಟಿಯ ವಸ್ತುಗಳ ಜಾಲಾಕೃತಿ ಬರೆಯಬಹುದು. ಬೇರೆ ಸಾಮಗ್ರಿ ಬೇಕಿಲ್ಲ. ಯಾವ ಮಗು ಯಾವ ವಸ್ತುವಿನ ಬಳಿ ಎಡವಿತೆಂದು ಅಂದಂದೇ ಬರೆದಿಟ್ಟುಕೊಂಡರೆ ಮುಂದಿನ ಅವಧಿಯನ್ನು ಎಲ್ಲಿಂದ ಆರಂಭಿಸಬೇಕೆಂದು ತಿಳಿಯುತ್ತದೆ.

ಜೂನ್ ತಿಂಗಳಿಗೆ ಮೊದಲೇ ರಟ್ಟಿನ ಮಾದರಿಗಳನ್ನು ಮುಚ್ಚಳ ಭದ್ರವಾಗಿರುವ ಪ್ಲಾಸ್ಟಿಕ್ ಡಬ್ಬದಲ್ಲಿ ಇಟ್ಟುಬಿಡಿ. ಮೈದಾ ಅಂಟಿನಿಂದ ಮಾಡಿದವು ನಮ್ಮ ಮಳೆಗಾಲದಲ್ಲಿ ಹತ್ತೇ ದಿನಕ್ಕೆ ಬೂಸ್ಟು ಹಿಡಿದು ಬಿಚ್ಚಿಕೊಳ್ಳುತ್ತವೆ, ಆದ್ದರಿಂದ ಸೆಲ್ಲೋಟೇಪನ್ನೇ ಬಳಸಿರಿ. ಕಡಲೆಕಾಳಿನ ಎಲುಬುಗೂಡುಗಳನ್ನು ಬೇಸಿಗೆಯಲ್ಲಿ ಕಟ್ಟಿದರೆ ಮಾತ್ರ ಉಳಿಯುತ್ತವೆ, ಅದೂ ಇಲಿಯ ಕಣ್ಣಿಗೆ ಬೀಳದ ಎತ್ತರದಲ್ಲಿ ತೂಗುಹಾಕಿದ್ದರೆ.